ಚಂಪಾಳ ಬಾಯಿ ಮುಚ್ಚಿಸಿದ ಸಿನಿಮಾ

ಎಲ್ಲರೂ ಹೇಳುವುದು ಒಂದೇ ಮಾತು: ಟಿ.ವಿ.ಯಲ್ಲಿ ಚಂಪಾಳನ್ನು ನೋಡುತ್ತಿದ್ದ ಮಕ್ಕಳು ಬೆಳೆದರು, ಅವರ ಜೊತೆ ಅವಳೂ ಬೆಳೆದಳು, ಅದಕ್ಕೇಕೆ ನಿನಗಿಷ್ಟು ಉರಿ? ಬಂಟ್ವಾಳದಲ್ಲಿ ಅಕ್ಕ ಹೀಗೆ ಹೇಳುತ್ತಾಳೆ. ಬೆಳ್ತಂಗಡಿಯ ಕೋರ್ಟಿನಲ್ಲಿ ನನ್ನಂಥ ಜೂನಿಯರ್ ವಕೀಲರು ಚಹಾ ಕುಡಿಯುತ್ತಾ ಹೇಳುತ್ತಾರೆ. ಮೂಡುಬಿದಿರೆಯಲ್ಲಿ ನನ್ನ ಜೊತೆ ಓದಿದವರ ವಾಟ್ಸಾಪ್ ಗುಂಪಂತೂ ಕೆಂಪು ಹೃದಯಗಳನ್ನು ಸುರಿಸಿ ಸುರಿಸಿ ಹೇಳುತ್ತದೆ. ಮೂರು ತಾಲೂಕು ಸೇರಿ ಒಂದು ಮಾತು ಹೇಳಿದರೆ ಅದು ನಿಜವಿರಲೇಬೇಕೆಂದು ನೀವು ನಂಬಬಹುದು. ನಾನು ನಂಬುವುದಿಲ್ಲ. ಆ ಸಿನಿಮಾದಲ್ಲಿ ಚಂಪಾ ಬೆಳೆದದ್ದು ಎತ್ತರದಲ್ಲಿ ಮಾತ್ರ.

ನಮ್ಮ ಹಳೆಯ ತಾರ್ಕಿಕರು ಪೂರ್ವಪಕ್ಷ ಎಂದೊಂದು ಶಿಸ್ತು ಇಟ್ಟಿದ್ದರು. ಎದುರಾಳಿಯ ವಾದವನ್ನು ಕೆಡವುವ ಮೊದಲು ನೀನೇ ಅದನ್ನು ಅವನಿಗಿಂತ ಚೆನ್ನಾಗಿ ಕಟ್ಟಿಕೊಡಬೇಕು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಇದನ್ನು ನಾನು ಅಚ್ಚುಕಟ್ಟಾಗಿ ಪಾಲಿಸುತ್ತಿದ್ದೆ. ಸಿಟ್ಟು ಬಂದಾಗ ಪಾಲಿಸುವುದು ಸ್ವಲ್ಪ ಕಷ್ಟ. ಪ್ರಯತ್ನಿಸುತ್ತೇನೆ.

ಟಿ.ವಿ.ಯಲ್ಲಿ ‘ಪ್ರಶ್ನೆ ಅಂಗಡಿ’ ಎಂಬ ಮಕ್ಕಳ ಕಾರ್ಯಕ್ರಮ ಬರುತ್ತಿದ್ದಾಗ ನಾನು ಸಿದ್ಧಕಟ್ಟೆಯಲ್ಲಿ ಪ್ರೈಮರಿ ಶಾಲೆಯಲ್ಲಿದ್ದೆ. ಬರೆಯುತ್ತಿದ್ದವರು ಪುತ್ತಿಗೆಯ ಸದಾನಂದ ಮಾಸ್ಟ್ರು. ಒಂದು ಬೆಂಚು, ಒಂದು ತಕ್ಕಡಿ, ಮೂವರು ಮಕ್ಕಳು. ಊರಿನವರು ತಮ್ಮ ನಂಬಿಕೆಗಳನ್ನು ಅಂಗಡಿಗೆ ತರುತ್ತಾರೆ, ಮಕ್ಕಳು ತೂಗಿ ನೋಡುತ್ತಾರೆ. ತಕ್ಕಡಿ ಹಿಡಿಯುವವಳು ಚಂಪಾ. ದಪ್ಪ ಕನ್ನಡಕ, ಎರಡು ಜಡೆ, ಬಗ್ಗದ ಕತ್ತು. ಒಂದು ಕಂತಿನಲ್ಲಿ ಅವಳ ಮಾವ, ಮುಸ್ಸಂಜೆ ಶಿಳ್ಳೆ ಹಾಕಿದರೆ ಹಾವು ಬರುತ್ತದೆ ಎಂದು ಹೆದರಿಸುತ್ತಾನೆ. ಚಂಪಾ ಅವನನ್ನೇ ಜಗಲಿಯಲ್ಲಿ ಕೂರಿಸಿ, ತುಟಿ ಒಣಗುವವರೆಗೆ ಶಿಳ್ಳೆ ಹಾಕಿಸುತ್ತಾಳೆ. ಹಾವು ಬರುವುದಿಲ್ಲ. ಪಕ್ಕದ ಮನೆಯಾಕೆ ಬರುತ್ತಾಳೆ. “ಎಂಥ ಆಯ್ತು, ನಿಮ್ಮ ಕುಕ್ಕರ್ ಹಾಳಾಯ್ತಾ?”

ಮನೆಯಲ್ಲಿ ತುಳು ಮಾತಾಡುವ ನಮಗೆ, ನಮ್ಮ ಹಾಗೆಯೇ ನಿಧಾನವಾಗಿ, ಪಾಠ ಒಪ್ಪಿಸುವ ಕನ್ನಡದಲ್ಲಿ ‘ಉಂಟು’, ‘ಹೋಗುವ’ ಎನ್ನುವ ಹುಡುಗಿ ಟಿ.ವಿ.ಯಲ್ಲಿ ಸಿಕ್ಕಿದ್ದು ಅದೇ ಮೊದಲು. ಅದೂ ನಗಿಸುವ ಪಾತ್ರವಾಗಿ ಅಲ್ಲ, ನಾಯಕಿಯಾಗಿ. ಅವಳಿಂದ ಹತ್ತಿದ ಚಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಜಾತಕ ಹಿಡಿದು ಬಂದ ನೆಂಟರೊಬ್ಬರಲ್ಲಿ ಗ್ರಹಗಳ ಪರವಾಗಿ ಸಾಕ್ಷ್ಯ ಕೇಳಿದೆ. ಗೋಳಿಬಜೆ ಬಿಸಿಯಿರುವಾಗಲೇ ಅವರು ಎದ್ದು ಹೋದರು. “ಸ್ಪರ್ಧೆಯಲ್ಲಾದ್ರೆ ಗಂಟೆ ಬಾರಿಸಿ ನಿನ್ನನ್ನು ಕೂರಿಸ್ತಾರೆ. ಮನೆಯಲ್ಲಿ ಯಾರು ಬಾರಿಸುವುದು?” ಎಂದು ಅಮ್ಮ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಒಪ್ಪುತ್ತೇನೆ. ಅಕ್ಕನ ಮಗಳು ಧನ್ವಿಗೂ ಅದೇ ಚಟ. ಹಳೆಯ ಕಂತುಗಳನ್ನೆಲ್ಲ ಮೊಬೈಲಿನಲ್ಲಿ ನೋಡಿ ಬೆಳೆದ ಅವಳು ಈಗ ಒಂಬತ್ತನೇ ಕ್ಲಾಸು.

ಇನ್ನು ಸಿನಿಮಾಕ್ಕೆ ಬರುತ್ತೇನೆ. ಆದರೆ ಸಿನಿಮಾಕ್ಕಿಂತ ಮೊದಲು ಸನ್ಮಾನ ಬಂತು. ನಮ್ಮ ಕಡೆಯ ಕ್ರಮವೇ ಹಾಗೆ. ‘ಚಂಪಾಗೆ ಹದಿನಾರು’ ತೆರೆ ಕಾಣುವ ಮೊದಲೇ, ಅದಕ್ಕೂ ಮಾತು ಬರೆದ ಮಾಸ್ಟ್ರಿಗೆ ಊರೂರಿನಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನ ಪತ್ರ. ದುಬೈಯಲ್ಲಿರುವ ನಮ್ಮೂರಿನ ನಿರ್ಮಾಪಕರಿಗೆ ಇನ್ನೂ ದೊಡ್ಡ ಬುಟ್ಟಿ. ಹೊದಿಸಿದವರು, ಚಪ್ಪಾಳೆ ತಟ್ಟಿದವರು, ಪತ್ರ ಓದಿದವರು, ಕುರ್ಚಿ ಜೋಡಿಸಿದವರು, ಎಲ್ಲರೂ ಸಿನಿಮಾ ಚೆನ್ನಾಗಿದೆ ಎಂದು ನೋಡದೆಯೇ ಹೇಳಿಯಾಗಿತ್ತು. ತೀರ್ಪು ಮೊದಲು, ವಿಚಾರಣೆ ಆಮೇಲೆ. ಕೋರ್ಟಿನಲ್ಲಿ ಹೀಗಾದರೆ ಮೇಲ್ಮನವಿ ಹಾಕಬಹುದು. ಶಾಲಿನ ವಿರುದ್ಧ ಎಲ್ಲಿ ಹಾಕುವುದು?

ಮೂಡುಬಿದಿರೆಯಲ್ಲಿ ಧನ್ವಿಯ ಜೊತೆ ನೋಡಿದೆ. ಮೊದಲ ಹಾಡಿನಲ್ಲೇ ಚಂಪಾಳ ಕನ್ನಡಕ ಹೋಯಿತು. ಕೂದಲು ಬಿಚ್ಚಿ ಗಾಳಿಗೆ ಹಾರಿತು. ಕನ್ನಡಕವಿಲ್ಲದೆ ಅವಳಿಗೆ ಕಾಣುವುದು ಹೇಗೆ ಎಂದು ಆ ಸಿನಿಮಾದಲ್ಲಿ ಕೇಳಬಹುದಾಗಿದ್ದವಳು ಚಂಪಾ ಒಬ್ಬಳೇ, ಅವಳೇ ಕೇಳಲಿಲ್ಲ. ಅವಳ ಮಾತೂ ಬೆಂಗಳೂರಿನದಾಗಿತ್ತು. ನಮ್ಮ ಕನ್ನಡ ಆಡುವವನು ಇಡೀ ಸಿನಿಮಾದಲ್ಲಿ ಒಬ್ಬ, ಕಾಲೇಜು ಕ್ಯಾಂಟೀನಿನ ಅಡುಗೆಯವನು. ಅವನು ಬಾಯಿ ತೆರೆದಾಗಲೆಲ್ಲ ದೋಸೆ ಹಿಟ್ಟಿನ ಮೇಲೆ ಜಾರುತ್ತಾನೆ. ಕೊನೆಗೆ ಚಂಪಾ ಚರ್ಚಾ ಸ್ಪರ್ಧೆಯ ವೇದಿಕೆಯಲ್ಲಿ ಮಾತಾಡುತ್ತಿರುವಾಗ ಬೈಕಿನ ಹುಡುಗ ಮೇಲೆ ಬಂದು ಮೈಕು ತೆಗೆದುಕೊಳ್ಳುತ್ತಾನೆ. “ಪ್ರಶ್ನೆ ಸಾಕು ಚಂಪಾ, ಸ್ವಲ್ಪ ನಗು.” ಅವಳು ನಗುತ್ತಾಳೆ. ವಾದ ಮುಗಿಸದೆ ಅವನ ಕೈ ಹಿಡಿದು ಇಳಿಯುತ್ತಾಳೆ. ಪಿಟೀಲು. ಥಿಯೇಟರ್ ತುಂಬ ಚಪ್ಪಾಳೆ.

ಹೊರಗೆ ಹರೀಶಣ್ಣ ಸಿಕ್ಕಿದರು. ಶಾಲೆಯ ಮಕ್ಕಳನ್ನೆಲ್ಲ ಬಸ್ಸು ಮಾಡಿ ಈ ಸಿನಿಮಾಕ್ಕೆ ಕರೆತರುವ ಯುವಕ ಮಂಡಲದ ಅಧ್ಯಕ್ಷರು.

“ಹೇಗೆ ಉಂಟು? ಸೂಪರ್ ಅಲ್ವಾ?”

“ಅವಳು ಮಾತು ಮುಗಿಸದೆ ಇಳಿದದ್ದು ಯಾಕಣ್ಣ?”

“ಎಂಥ ಮಾರಾಯ್ತಿ, ಸಿನಿಮಾಕ್ಕೆ ಬಂದು ಪಾಟೀಸವಾಲು ಮಾಡ್ತೀಯಲ್ಲ! ನಮ್ಮವರು ಮಾಡಿದ್ದು. ನಾವೇ ಹಾಳು ಅಂದ್ರೆ ಹೇಗೆ?”

“ಹೊರಗಿನವರು ಮಾಡಿದ್ರೆ ಅನ್ನಬಹುದಾ?”

“ಧಾರಾಳ. ಆಗ ಒಟ್ಟಿಗೆ ಕೂತು ಬೈಯುವ!”

ನಕ್ಕುಬಿಟ್ಟೆ. ಹರೀಶಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಲ್ಲ. ವಿಷಯ ಅಲ್ಲಿಗೇ ಮುಗಿದಿದ್ದರೆ ಒಂದು ಕೆಟ್ಟ ಸಿನಿಮಾ ನೋಡಿದ ಬೇಸರ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಧನ್ವಿಯ ಶಾಲೆಯವರೂ ಆ ಬಸ್ಸಿನಲ್ಲಿ ಹೋಗಿ ಸಿನಿಮಾ ನೋಡಿದರು. ಅಂದಿನಿಂದ ಅವಳು ಕ್ಲಾಸಿನಲ್ಲಿ ಕೈ ಎತ್ತಿದರೆ ಸಾಕು, ಹಿಂದಿನ ಬೆಂಚುಗಳಿಂದ “ಪ್ರಶ್ನೆ ಸಾಕು ಚಂಪಾ, ಸ್ವಲ್ಪ ನಗು!” ಮೊದಲು ಹುಡುಗರು, ಆಮೇಲೆ ಹುಡುಗಿಯರೂ. ಒಂದು ದಿನ ವಿಜ್ಞಾನದ ಮೇಷ್ಟ್ರೇ ಹಾಗೆ ಹೇಳಿದರಂತೆ, ಪ್ರೀತಿಯಿಂದ. ತಾಲೂಕು ಮಟ್ಟದ ಚರ್ಚಾ ಸ್ಪರ್ಧೆಗೆ ಅವಳು ಆಯ್ಕೆಯಾಗಿದ್ದಳು. ಹೋಗುವುದಿಲ್ಲ ಎಂದು ಹೇಳಿ ಬಂದಳು.

“ಯಾಕೆ?” ಎಂದೆ.

“ಸುಮ್ಮನೆ, ಚಿಕ್ಕಮ್ಮ.”

“ಸುಮ್ಮನೆ ಅನ್ನುವುದು ಕಾರಣ ಅಲ್ಲ.”

“ನೀವಾದ್ರೂ ಕೇಳ್ಬೇಡಿ,” ಎಂದಳು. ಹೇಳಿ ನಕ್ಕಳು. ಆ ನಗುವನ್ನು ನಾನು ಪರದೆಯ ಮೇಲೆ ನೋಡಿದ್ದೆ.

ಈಗ ಪೂರ್ವಪಕ್ಷ: ಹದಿಹರೆಯ ಮನಸ್ಸು ಮೆತ್ತಗಾಗುವ ಕಾಲ, ಸಿನಿಮಾ ಅದನ್ನೇ ತೋರಿಸಿತು. ಇರಲಿ, ಮೆತ್ತಗಾಗಲಿ. ಚಂಪಾ ಪ್ರೀತಿಸಲಿ, ಬೈಕು ಹತ್ತಲಿ, ಅಳಲಿ, ನನಗೇನೂ ಅಡ್ಡಿಯಿಲ್ಲ. ಆದರೆ ಪ್ರಶ್ನೆಗಳು ನಿಜವಾಗಿ ಶುರುವಾಗುವುದೇ ಆ ವಯಸ್ಸಿನಲ್ಲಿ. ಹತ್ತು ವರ್ಷದವಳು ಹಾವಿನ ಬಗ್ಗೆ ಕೇಳಿದರೆ ಎಲ್ಲರಿಗೂ ಮುದ್ದು. ಹದಿನಾರರವಳು, ಕತ್ತಲಾಗುವ ಮೊದಲು ನಾನು ಮಾತ್ರ ಯಾಕೆ ಮನೆ ಸೇರಬೇಕು, ಅಣ್ಣ ಯಾಕೆ ಬೇಡ ಎಂದು ಕೇಳುತ್ತಾಳೆ. ಮುದ್ದು ಅಲ್ಲಿಗೆ ಮುಗಿಯಿತು. ಸಿನಿಮಾ ಶುರುವಾಗಬೇಕಾದದ್ದು ಅಲ್ಲಿಂದ.

ಭಾನುವಾರ ಧನ್ವಿಯನ್ನು ಹೊರಡಿಸಿಕೊಂಡು ಪುತ್ತಿಗೆಗೆ ಹೋದೆ. ಮಾಸ್ಟ್ರ ಗೇಟಿನ ಎದುರು ರಿಕ್ಷಾ ನಿಂತಾಗ ಅವಳು ಇಳಿಯಲಿಲ್ಲ. “ನೀವೇ ಹೋಗಿ ಬನ್ನಿ. ನಂಗೆ ಕೇಳ್ಲಿಕ್ಕೆ ಎಂಥದೂ ಇಲ್ಲ.”

ಮಾಸ್ಟ್ರು ಸಂತೋಷದಿಂದ ಬರಮಾಡಿಕೊಂಡರು. ಗೋಡೆಯಲ್ಲಿ ಸನ್ಮಾನ ಪತ್ರಗಳಿಗೆ ಮೊಳೆ ಹೊಡೆಯುವ ಕೆಲಸ ನಡೆದಿತ್ತು. ‘ಪ್ರಶ್ನೆ ಸಾಕು’ ಎಂಬ ಆ ಒಂದು ಮಾತನ್ನು ಸಿನಿಮಾ ತೆಗೆದ ಬೆಂಗಳೂರಿನವರು ತುರುಕಿರಬೇಕು, ಮಾಸ್ಟ್ರ ಕೈ ಕಟ್ಟಿಹಾಕಿರಬೇಕು ಎಂದು ದಾರಿಯುದ್ದಕ್ಕೂ ಅವರ ಪರವಾಗಿ ನಾನೇ ವಾದ ಕಟ್ಟಿಕೊಂಡು ಬಂದಿದ್ದೆ.

“ಮೈಕಿನ ಹತ್ರದ ಆ ಮಾತು ಯಾರು ಬರೆದದ್ದು ಮಾಸ್ಟ್ರೇ?”

“ನಾನೇ!” ಅವರ ಮುಖ ಅರಳಿತು. “ಅವರದ್ದು ಉದ್ದ ಇತ್ತು. ನಾನು ಕಡಿದು ಕಡಿದು ಅಷ್ಟಕ್ಕೆ ತಂದೆ. ಈಗ ಎಲ್ಲ ಶಾಲೆಯಲ್ಲಿ ಮಕ್ಕಳ ಬಾಯಲ್ಲಿ ಅದೇ ಅಂತೆ, ಹೌದಾ?”

“ಹೌದು.”

“ಅಷ್ಟು ವರ್ಷ ಟಿ.ವಿ.ಗೆ ಬರೆದೆ. ಒಂದು ಮಾತೂ ಹೀಗೆ ಉಳಿಯಲಿಲ್ಲ, ನೋಡು.”

ನನ್ನಲ್ಲಿ ಉಳಿದಿವೆ ಎನ್ನಬಹುದಿತ್ತು. ಅವರು ಸುತ್ತಿಗೆ ಕೆಳಗಿಟ್ಟು, ಚಹಾ ಮಾಡಲಿಕ್ಕೆ ಹೇಳುತ್ತೇನೆ ಎಂದು ಎದ್ದರು. ಕಿಟಕಿಯಿಂದ ರಿಕ್ಷಾ ಕಾಣುತ್ತಿತ್ತು. ನಾನು ಅದರ ಕಡೆ ಕೈ ತೋರಿಸಿ ಕೇಳಿದೆ:

“ಅಲ್ಲಿ ಕೂತವಳು ನನ್ನ ಅಕ್ಕನ ಮಗಳು, ಮಾಸ್ಟ್ರೇ. ಒಂದು ತಿಂಗಳಿಂದ ಕ್ಲಾಸಿನಲ್ಲಿ ಅವಳು ಬಾಯಿ ತೆರೆದಿಲ್ಲ. ಒಳಗೆ ಕರೀತೇನೆ. ನೀವು ಬರೆದ ಆ ಮಾತನ್ನು ಅವಳ ಮುಖ ನೋಡಿಕೊಂಡು ಒಮ್ಮೆ ಹೇಳ್ತೀರಾ?”