ಸಿಸ್ಟರ್ ನೀಮಾ ಎತ್ತಿದ ಎಲೆಗಳು

ಮಾಘ ಮಾಸದ ಒಂದು ಭಾನುವಾರ ಕೊಡಿಗೇಹಳ್ಳಿಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ನಡೆಯಿತು. ಮಧ್ಯಾಹ್ನ ಮೂರು ಪಂಕ್ತಿ ಊಟವಾಯಿತು. ಮೂರೂ ಪಂಕ್ತಿಯ ಎಂಜಲೆಲೆ ಎತ್ತಿದವರು ನಾವೇ ಊಟಕ್ಕೆ ಕರೆದಿದ್ದ ಅತಿಥಿ, ನನ್ನ ಹಾಸ್ಟೆಲಿನ ಸಿಸ್ಟರ್ ನೀಮಾ.

ಆಗ ನಾನು ಐದನೇ ತರಗತಿ. ಕೊಡಿಗೇಹಳ್ಳಿಯಲ್ಲಿ ಹೊಲ ಇದ್ದವರೆಲ್ಲ ಮನೆ ಕಟ್ಟಿಸುತ್ತಿದ್ದ ಕಾಲ. ನಮ್ಮವರೂ ಹಳೆಯ ಹೆಂಚಿನ ಮನೆ ಕೆಡವಿ, ಹೊಸದು ಏಳುವವರೆಗೆ ಎಲ್ಲರೂ ಒಂದು ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿದ್ದರು. ಓದಲು ಜಾಗವಿಲ್ಲವೆಂದು ನನ್ನನ್ನು ಚಿಕ್ಕಬಾಣಾವರದ ಆಚೆಯ ಒಂದು ಮಿಷನ್ ಶಾಲೆಯ ಹಾಸ್ಟೆಲಿಗೆ ಸೇರಿಸಿದರು. ನಾನು ಅಲ್ಲಿದ್ದದ್ದು ಆ ಒಂದು ವರ್ಷ ಮಾತ್ರ.

ಸಿಸ್ಟರ್ ನೀಮಾ ಟಾಂಜಾನಿಯಾದವರು. ಅಲ್ಲಿ ಒಂದು ದೊಡ್ಡ ಸರೋವರದ ದಡದಲ್ಲಿ, ಹೆಣ್ಣುಮಕ್ಕಳ ಮಿಷನ್ ವಸತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರನ್ನು ಇಲ್ಲಿಗೆ ಕಳಿಸಿದ್ದರು. ಬೆಳಗಿನ ಗಂಟೆ ಹೊಡೆಯುವ ಮೊದಲೇ ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕುತ್ತಿದ್ದರು. ನಾವು ಏಳುವಾಗ ಅವರ ಬಟ್ಟೆಗೆ ಹೊಗೆ ಮತ್ತು ಕೆಂಪು ಸೋಪಿನ ವಾಸನೆ. ಸಾಲಾಗಿ ಕೂರಿಸಿ ನಮಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ಎಷ್ಟು ಬಿಗಿಯೆಂದರೆ ಹುಬ್ಬು ಮೇಲಕ್ಕೆ ಹೋಗುತ್ತಿತ್ತು. ಸಂಜೆ ಲಂಗ ಎತ್ತಿ ಸಿಕ್ಕಿಸಿಕೊಂಡು ನಮ್ಮ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದರು. ಕನ್ನಡ ಕಲಿತದ್ದು ನಮ್ಮಿಂದಲೇ. ಹಾಗಾಗಿ ಹೆಡ್‌ಮಿಸ್ಟ್ರೆಸ್ಸನ್ನೂ "ಊಟ ಆಯ್ತಾ ಕಣೋ?" ಎಂದು ಕೇಳುತ್ತಿದ್ದರು.

ಅವರ ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ ಮುದ್ದೆಯಂಥದ್ದನ್ನೇ ಮಾಡುತ್ತಾರಂತೆ. ಆದರೆ ಅವರು ರಾಗಿ ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು. ನಾವು ಕಿರುಚುತ್ತಿದ್ದೆವು.

"ನುಂಗಿ ಸಿಸ್ಟರ್, ಅಗೀಬಾರ್ದು!"

"ಎಲ್ಲಾ ನುಂಗಿದ್ರೆ ನನ್ನ ಹಲ್ಲಿಗೆ ಏನ್ ಕೆಲಸ ಕಣೋ?"

ಭಾನುವಾರ ರಾತ್ರಿ ಊಟದ ನಂತರ ನಮ್ಮ ತಟ್ಟೆಗಳನ್ನು ಸಿಸ್ಟರ್‌ಗಳೇ ತೊಳೆಯುತ್ತಿದ್ದರು. ಆ ಪದ್ಧತಿ ಶುರು ಮಾಡಿದವರು ಸಿಸ್ಟರ್ ನೀಮಾ. ಅವರ ಊರಿನ ಶಾಲೆಯಲ್ಲಿ ಹಾಗೆಯೇ ಇತ್ತಂತೆ: ವಾರವೆಲ್ಲ ಮಕ್ಕಳು ಹೇಳಿದ ಮಾತು ಕೇಳುತ್ತಾರೆ, ಒಂದು ದಿನ ಟೀಚರ್‌ಗಳು ಅವರ ತಟ್ಟೆ ತೊಳೆಯುತ್ತಾರೆ. ಮೊದಲ ಸಲ ಆ ಶಾಲೆಗೆ ಹೋದಾಗ ಹಿರಿಯ ಸಿಸ್ಟರ್‌ಗಳು ಹೊಸಬಳೆಂದು ತಮಗೆ ತಟ್ಟೆ ಮುಟ್ಟಲು ಬಿಟ್ಟಿರಲಿಲ್ಲ ಎಂದು ತೆಂಗಿನ ನಾರಿನಿಂದ ತಿಕ್ಕುತ್ತಾ ನನಗೆ ಹೇಳಿದ್ದರು. "ಎಷ್ಟೋ ದಿನ ಆದ್ಮೇಲೆ ಬಿಟ್ರು. ಅವತ್ತು ಅತ್ತುಬಿಟ್ಟೆ. ತೊಳೆಯೋಕೆ ಬಿಟ್ರೆ ನೀನು ಮನೆಯವಳು."

ಆಮೇಲೆ ಕೇಳಿದರು: "ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ಒಬ್ರೂ ಮನೆಗೆ ಕರ್ದಿಲ್ಲ. ಯಾಕೆ?"

ನನಗೆ ಕಾರಣ ಗೊತ್ತಿರಲಿಲ್ಲ. ರಸ್ತೆಯಲ್ಲಿ ಹುಡುಗರು ಅವರ ಹಿಂದೆ ಕೂಗುತ್ತಾ ಬರುತ್ತಿದ್ದದ್ದು ಗೊತ್ತಿತ್ತು. ನನ್ನನ್ನು ನೋಡಲು ಬಂದ ಅಪ್ಪನ ಹತ್ತಿರ, ಗೃಹಪ್ರವೇಶಕ್ಕೆ ಸಿಸ್ಟರನ್ನು ಕರೆಯಲೇಬೇಕೆಂದು ಹಟ ಹಿಡಿದೆ. ಅಪ್ಪ ಹೆಡ್‌ಮಿಸ್ಟ್ರೆಸ್‌ಗೆ ಹೇಳಿ, ಆಹ್ವಾನ ಪತ್ರಿಕೆ ಕೊಟ್ಟು ಹೋದರು.

ಆ ಭಾನುವಾರ ಸಿಸ್ಟರ್ ತಮ್ಮ ಊರಿನ ಹಳದಿ-ನೀಲಿ ಬಟ್ಟೆ ಉಟ್ಟಿದ್ದರು. ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು. ಮಡಿಕೆಯ ಗುರುತು ಹೋಗಿರಲಿಲ್ಲ. ಗೊರಗುಂಟೆಪಾಳ್ಯದಲ್ಲಿ ಬಸ್ ಬದಲಿಸಿ ಹೆಬ್ಬಾಳದ ಕಡೆ ಬಂದೆವು. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅವರು ಎಲ್ಲರಿಗೂ ನಮಸ್ಕಾರ ಮಾಡಿದರು.

ಮನೆಯಲ್ಲಿ ಇನ್ನೂ ಸುಣ್ಣದ ವಾಸನೆ. ಹೋಮದ ಹೊಗೆ, ಮಾವಿನೆಲೆ, ಒಗ್ಗರಣೆ. ಸಿಸ್ಟರನ್ನು ನೋಡಿ ದೊಡ್ಡಪ್ಪ ಅಪ್ಪನನ್ನು ಪಕ್ಕಕ್ಕೆ ಕರೆದರು. "ಇವರ್ನ ಎಲ್ಲೋ ಕೂರ್ಸೋದು?"

"ಪಂಕ್ತೀಲೇ ಕೂತ್ಕೊಳ್ಲಿ ಬಿಡಣ್ಣ. ಮಗಳ ಟೀಚರ್ರು."

ಮೊದಲ ಪಂಕ್ತಿಯ ಕೊನೆಯಲ್ಲಿ ಕೂತರು. ಪಕ್ಕದ ಎಲೆ ಖಾಲಿ ಉಳಿಯಿತು. ಅವರು ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಪಂಕ್ತಿ ಎದ್ದಿತು, ಜನ ಕೈ ತೊಳೆಯಲು ಹೋದರು. ಸಿಸ್ಟರ್ ಮಾತ್ರ ಹೋಗಲಿಲ್ಲ. ತಮ್ಮ ಎಲೆ ಮಡಿಚಿದರು, ಪಕ್ಕದ್ದು ಮಡಿಚಿದರು, ಸಾಲಿನ ಉದ್ದಕ್ಕೂ ಬಗ್ಗಿಕೊಂಡು ಹೋದರು.

ನಮ್ಮಲ್ಲಿ ಕರೆದು ಬಂದವರು ತಮ್ಮ ಎಲೆಯನ್ನೂ ಎತ್ತುವಂತಿಲ್ಲ. ಎಲ್ಲರ ಎಲೆ ಎತ್ತುತ್ತಿದ್ದವಳು ಊರಾಚೆಯ ಮುನಿಯಮ್ಮ. ಅವಳು ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದಳು. ಮಗಳ ಹೆರಿಗೆಯೆಂದು ಅಂದು ಬಂದಿರಲಿಲ್ಲ.

ಅಜ್ಜಿ ಕೋಲೂರಿಕೊಂಡು ಎದ್ದರು. "ಇದೇನ್ರಪ್ಪ ಇಂಗೆ? ಊಟಕ್ಕೆ ಕರ್ದು ಎಂಜ್ಲೆಲೆ ಎತ್ತಿಸ್ತೀರಾ?"

"ನಾವೆಲ್ಲಮ್ಮ ಎತ್ತಿ ಅಂದ್ವಿ?" ಎಂದರು ದೊಡ್ಡಪ್ಪ. "ಅವರೇ ಎತ್ತಾವ್ರೆ. ಮುನಿಯಮ್ಮ ಬೇರೆ ಕೈ ಕೊಟ್ಲು. ಎರಡನೇ ಪಂಕ್ತಿ ಕಾಯ್ತಾ ನಿಂತದೆ, ನೋಡು."

"ದೊಡ್ಡಪ್ಪ, ಅವರು ನಮ್ಮ ಸಿಸ್ಟರ್," ಎಂದೆ.

"ಗೊತ್ತು, ಸುಮ್ನಿರು. ಹೋಗಿ ನೀರು ಬಡ್ಸು."

ಸಿಸ್ಟರ್ ನನ್ನ ಕಡೆ ನೋಡಿ ನಕ್ಕರು. ಯಾರೂ ತಡೆಯಲಿಲ್ಲವಲ್ಲ ಎಂಬ ಸಂತೋಷ ಅದು. ನನಗೆ ಅರ್ಥವಾಯಿತು. ಆ ಪಂಕ್ತಿಯಲ್ಲಿ ಇನ್ನಾರಿಗೂ ಅರ್ಥವಾಗುವಂತಿರಲಿಲ್ಲ.

ಎರಡನೇ ಪಂಕ್ತಿಗೆ ಯಾರೋ ಅವರ ಕೈಗೆ ಎಲೆ ತುಂಬಲು ಮಂಕರಿ ಕೊಟ್ಟರು. "ಸಿಸ್ಟರ್, ಈ ಮೂಲೇಲಿ ಒಂದು ಉಳೀತು!" ಎಂದು ಚಿಕ್ಕಪ್ಪನ ಸ್ನೇಹಿತನೊಬ್ಬ ಕೂಗಿದ. ನಗು ಎದ್ದಿತು. ಸಿಸ್ಟರ್ ಕೂಡ ನಕ್ಕರು. ಮೂರನೇ ಪಂಕ್ತಿಗೆ ನಗುವವರೂ ಇರಲಿಲ್ಲ. ಕೆಲಸದವರು ಕೆಲಸ ಮಾಡುವಾಗ ಕಾಲು ಮಡಿಚಿಕೊಳ್ಳುವ ಹಾಗೆ ಜನ ಕಾಲು ಮಡಿಚಿಕೊಂಡರು. ಹಳದಿ-ನೀಲಿ ಬಟ್ಟೆಯ ಅಂಚು ಹುಳಿಯಲ್ಲಿ ನೆನೆದಿತ್ತು.

ನಾಲ್ಕು ಗಂಟೆಯ ಹೊತ್ತಿಗೆ ಮುಂಬಾಗಿಲಲ್ಲಿ ಹೆಂಗಸರಿಗೆ ತಾಂಬೂಲ ಕೊಡುತ್ತಿದ್ದರು: ಎಲೆಯಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸ್. ಸಿಸ್ಟರ್ ಕೈ ತೊಳೆದು ಬಂದು ಸಾಲಿನಲ್ಲಿ ನಿಂತರು. ಮುಂದಿದ್ದವರನ್ನು ನೋಡಿ ಅವರ ಹಾಗೆಯೇ ಎರಡೂ ಕೈ ಚಾಚಿಕೊಂಡರು. ಅವರ ಸರದಿ ಬರುವ ಮುಂಚೆ ದೊಡ್ಡಪ್ಪ, "ಸಿಸ್ಟರ್, ಈ ಕಡೆ ಬನ್ನಿ," ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಮುನಿಯಮ್ಮನಿಗೆ ಕೊಡುತ್ತಿದ್ದ ಹಾಗೆಯೇ, ಅನ್ನಕ್ಕೆ ಹುಳಿ, ಪಲ್ಯ, ಪಾಯಸ ಎಲ್ಲ ಒಟ್ಟಿಗೆ ಸುರಿದಿತ್ತು. ಸಿಸ್ಟರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಅಪ್ಪ ಅಲ್ಲೇ ಇದ್ದರು. ಬಾಡಿಗೆ ಪಾತ್ರೆಗಳನ್ನು ಎಣಿಸತೊಡಗಿದರು.

ಹಾಸ್ಟೆಲಿಗೆ ಹಿಂತಿರುಗಿದಾಗ ಸಿಸ್ಟರ್ ಕವರನ್ನು ಎತ್ತಿ ಹಿಡಿದು, "ನಮ್ಮ ಮನೆಯವರು ಕೊಟ್ಟಿದ್ದು, ಎಲ್ರೂ ತಿನ್ಬೇಕು!" ಎಂದರು. ಅಡುಗೆಯ ಮೇರಿಯಮ್ಮ ಗಂಟು ಬಿಚ್ಚಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮುಂದಿನ ಬಾಗ್ಲಲ್ಲಿ ಕೊಟ್ರಾ, ಹಿಂದಿನ ಬಾಗ್ಲಲ್ಲಾ?" ಎಂದು ಮೆಲ್ಲಗೆ ಕೇಳಿದರು.

ನಾನು ತಟ್ಟೆಗಳನ್ನು ಜೋಡಿಸತೊಡಗಿದೆ. ಮೇರಿಯಮ್ಮ ಅದನ್ನು ಪಾತ್ರೆಗೆ ಹಾಕಿ ಬಿಸಿ ಮಾಡಿ ಬಡಿಸಿದರು. ಪಾಯಸದ ಸಿಹಿ ಹುಳಿಯಲ್ಲಿ ಸೇರಿತ್ತು. ನಾನೂ ಉಂಡೆ. ಭಾನುವಾರವಾದ್ದರಿಂದ ನನ್ನ ತಟ್ಟೆಯನ್ನು ಸಿಸ್ಟರ್ ನೀಮಾ ತೊಳೆದರು.

ಅಜ್ಜಿ ಅಂದೇ ಸಿಸ್ಟರ್‌ಗೆಂದು ಒಂದು ತಾಂಬೂಲ ತೆಗೆದಿಟ್ಟಿದ್ದರು. ತಾವೇ ಹೋಗಿ ಕೊಡುವುದಾಗಿ ಹೇಳುತ್ತಿದ್ದರು. "ಬಿಡಮ್ಮ, ಅವರಿಗೇನು ಗೊತ್ತಾಗುತ್ತೆ," ಎಂದರು ದೊಡ್ಡಪ್ಪ. ಅಪ್ಪ, ಬರುವ ಭಾನುವಾರ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು. ಆ ಭಾನುವಾರ ಬರಲಿಲ್ಲ. ಪರೀಕ್ಷೆ ಮುಗಿದು ನಾನು ಹೊಸ ಮನೆಗೆ ಬಂದೆ. ಮುಂದಿನ ವರ್ಷ ಸಿಸ್ಟರನ್ನು ಅವರ ಊರಿಗೆ ವಾಪಸ್ ಕರೆಸಿಕೊಂಡರೆಂದು ಕೇಳಿದೆ.

ಈಗ ಆ ಹಾಸ್ಟೆಲ್ ಇಲ್ಲ, ಅಲ್ಲಿ ಸೈಟುಗಳಾಗಿವೆ. ನಮ್ಮ ಹೊಸ ಮನೆಯೂ ಹಳತಾಗಿ, ಹಿತ್ತಲನ್ನು ಸೇರಿಸಿಕೊಂಡು ಪಿಜಿ ಕಟ್ಟಿಸಿದ್ದಾರೆ. ನಮ್ಮವರ ಶುಭಕಾರ್ಯಗಳು ಛತ್ರದಲ್ಲಿ ನಡೆಯುತ್ತವೆ. ಊಟವಾದ ಮೇಲೆ ಟೇಬಲ್ಲಿನ ಪೇಪರ್ ಸಮೇತ ಎಲೆ ಸುತ್ತಿಕೊಂಡು ಹೋಗುವವರ ಮುಖವನ್ನು ಯಾರೂ ನೋಡುವುದಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಹಸಿರು ಬ್ಲೌಸ್ ಪೀಸ್ ಸಿಕ್ಕಿತು. ಅದರ ಮೇಲಿನ ಕುಂಕುಮ ಬಟ್ಟೆಗೇ ಅಂಟಿಕೊಂಡಿತ್ತು. ಅದು ನನ್ನ ಬೀರುವಿನಲ್ಲಿದೆ.

ಕಳೆದ ತಿಂಗಳು ಹಳೆಯ ಸಹಪಾಠಿಯೊಬ್ಬಳಿಂದ ನಂಬರ್ ಸಿಕ್ಕಿ ವಿಡಿಯೊ ಕರೆ ಮಾಡಿದೆ. ಸಿಸ್ಟರ್ ನೀಮಾ ಈಗ ಸರೋವರದ ದಡದ ಆ ಶಾಲೆಯ ಮುಖ್ಯಸ್ಥೆ. ಅಂದು ಭಾನುವಾರ. ಕೈಯಲ್ಲಿ ನೊರೆ ಇತ್ತು. ಫೋನನ್ನು ತೊಳೆದ ತಟ್ಟೆಗಳಿಗೆ ಒರಗಿಸಿಟ್ಟಿದ್ದರು. "ಊಟ ಆಯ್ತಾ ಕಣೋ?" ಎಂದು ಕೇಳಿದರು. ನಂತರ ಹಿಂದೆ ಇಣುಕುತ್ತಿದ್ದ ಹುಡುಗಿಯರಿಗೆ ನನ್ನನ್ನು ತೋರಿಸಿ ಏನೋ ಹೇಳಿದರು. ಏನೆಂದು ಕೇಳಿದೆ.

"ಇಂಡಿಯಾದಲ್ಲಿ ನನಗೂ ಒಂದು ಮನೆ ಇತ್ತು, ಅದು ಇವಳದು ಅಂದೆ," ಎಂದರು.

ಹುಡುಗಿಯರು ಕೈ ಬೀಸಿದರು.