ಬರೆಯುವ ಮೊದಲೇ ಇದ್ದ ಹಕ್ಕು

ಗೋಕಾಕದ ಲಾ ಕಾಲೇಜಿನಲ್ಲಿ ನಮಗೆ ಅಮೆರಿಕದ ಸಂವಿಧಾನ ಕಲಿಸಿದ ಸರ್ ಎಂದೂ ದನಿ ಏರಿಸಿದವರಲ್ಲ. ಮಾತು ಮುಖ್ಯವಾದಾಗ ಕನ್ನಡಕ ತೆಗೆದು ಒರೆಸುತ್ತಿದ್ದರು. ಅಲ್ಲಿನ ಸಂಪ್ರದಾಯವಾದಿ ಚಿಂತಕರು ಹೇಳುವ 'ನ್ಯಾಚುರಲ್ ಲಾ', ಅಂದರೆ ಮನುಷ್ಯ ಬರೆದ ಕಾಯ್ದೆಗಿಂತ ಮೇಲಿನ ನಿಸರ್ಗದ ನ್ಯಾಯ, ಅವರಿಗೆ ಬಲು ಪ್ರಿಯ. "ಹಕ್ಕು ಸರ್ಕಾರ ಕೊಟ್ಟದ್ದಲ್ಲಪಾ, ಬರಿಯೂದಕ್ಕಿಂತ ಮೊದ್ಲ ಇತ್ತು," ಎನ್ನುತ್ತಿದ್ದರು. ಕಾಯ್ದೆ ಒಪ್ಪಿದ್ದರೂ ಗುಲಾಮಗಿರಿ ತಪ್ಪೇ ಆಗಿತ್ತೆಂದು ಅವರು ವಿವರಿಸಿದ ದಿನ ಗಂಟೆ ಹೊಡೆದರೂ ತರಗತಿಯಲ್ಲಿ ಯಾರೂ ಎದ್ದಿರಲಿಲ್ಲ.

ಒಂದು ಮಧ್ಯಾಹ್ನ ಪುಸ್ತಕ ಮರಳಿಸಲು ಅವರ ಮನೆಗೆ ಹೋದೆ. ಒಳಕೋಣೆಗೆ ಹೊರಗಿನಿಂದ ಕೀಲಿ ಹಾಕಿತ್ತು. ಒಳಗಿನಿಂದ ಅವರ ಮಗಳು ಬಾಗಿಲು ಬಡಿಯುತ್ತಿದ್ದಳು. ಹತ್ತರಗಿ ಊರಿನ ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆ ಅಂದಿದ್ದಾಳೆಂದು ಸರ್ ಹೇಳಿದರು.

"ಸರ್, ಆಕಿ ಸಣ್ಣಾಕಿ ಅಲ್ರಿ. ಸಂವಿಧಾನದಾಗ..."

ಕನ್ನಡಕ ಒರೆಸುತ್ತ ಅವರು ಶಾಂತವಾಗಿ ಹೇಳಿದರು: "ತಂದಿ ಅಧಿಕಾರ ಸಂವಿಧಾನಕ್ಕಿಂತ ಮೊದ್ಲಿಂದು."

ಬಡಿತ ನಿಂತಿತು. "ಅಪ್ಪಾ, ನನ್ನ ಮನಸ್ಸೂ ಯಾರೋ ಬರದು ಕೊಟ್ಟದ್ದಲ್ಲ," ಎಂದಳು ಮಗಳು.

ಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, "ನನ್ನ ಕೈಲೆ ಆಗೂದಿಲ್ಲ, ನೀನ ತಗಿ," ಎಂದು ಗೋಡೆಯ ಕಡೆ ಮುಖ ಮಾಡಿ ನಿಂತರು.