ಅಚ್ಚುತನ ವ್ಯಾನಿಗೆ ಬಂದ ಜ್ವರ

ಕೋಡಿಂಬಾಳದ ಅಚ್ಚುತನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಯಾರಿಗೂ ಬೇಡವಾದ ಹಳೆಯ ವ್ಯಾನನ್ನು ಇನ್ನೂ ಓಡಿಸುತ್ತಿರುವುದು. ಇನ್ನೊಂದು, ಅದನ್ನು ತಾನೇ ರಿಪೇರಿ ಮಾಡುವುದು. ಎರಡನೆಯದೇ ಮೊದಲನೆಯದಕ್ಕೆ ಮುಳುವಾಯಿತು.

ಬೇಸಿಗೆಯಲ್ಲಿ ರೇಡಿಯೇಟರ್ ಸೋರತೊಡಗಿತು. "ಬದಲಿಸುದೇ ಒಳ್ಳೇದು ಅಚ್ಚುತಣ್ಣ," ಎಂದ ಕಡಬದ ಮೆಕ್ಯಾನಿಕ್ ಸಫೀರ್. ಬದಲಿಸುವುದು ಹೇಡಿಗಳ ದಾರಿ. ಮರುದಿನ ಬೆಳಿಗ್ಗೆ ರಬ್ಬರ್ ಮರಗಳಿಂದ ಹಾಲಿಳಿಸುವ ಟ್ಯಾಪಿಂಗ್ ಮುಗಿಸಿ ಬಂದವನೇ ಅಚ್ಚುತ, ಬಕೆಟಿನಿಂದ ಒಂದು ಚೆಂಬು ರಬ್ಬರ್ ಹಾಲು ತೆಗೆದು ರೇಡಿಯೇಟರಿನ ಬಾಯಿಗೆ ಹೊಯ್ದ. ಟಯರನ್ನೇ ಹೆತ್ತ ಹಾಲಿಗೆ ಒಂದು ತೂತು ಮುಚ್ಚುವುದು ಎಷ್ಟರ ಮಾತು? ಸೋರಿಕೆ ನಿಂತೇ ಹೋಯಿತು. ಈ ದಿಗ್ವಿಜಯವನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಊರಿಡೀ ಕಲಿತುಬಿಡುತ್ತದಲ್ಲ.

ಆ ವಾರದಿಂದಲೇ ವ್ಯಾನಿಗೆ ಜ್ವರ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇದ್ದುದರಿಂದ ಅದು ಮೊದಲು ತಿಳಿಯುತ್ತಿದ್ದುದು ಹೆಂಡತಿ ಪ್ರೇಮಾವತಿಗೆ.

"ನನ್ನನ್ನೆಂತ ದೋಸೆಕಲ್ಲಿನ ಮೇಲೆ ಕೂರಿಸಿದ್ದಾ?"

ಅಚ್ಚುತ ಯುದ್ಧ ಸಾರಿದ. ಥರ್ಮೋಸ್ಟಾಟ್ ಕಿತ್ತೆಸೆದ. ಫ್ಯಾನ್ ಬದಲಿಸಿದ. ಬೆಲ್ಟ್ ಬಿಗಿದ. ಹಸಿರು ಕೂಲಂಟ್ ಚೆಲ್ಲಿ ಕೆಂಪು ತುಂಬಿಸಿದ. ಪ್ರತಿ ಸಲವೂ ವ್ಯಾನ್ ಕಡಬ ಪೇಟೆಯವರೆಗೆ ಮದುಮಗನ ಹಾಗೆ ಹೋಗಿ, ಬರುವಾಗ ಏರಿನಲ್ಲಿ ಹೊಗೆಯುಗುಳಿ ಕೂರುತ್ತಿತ್ತು. ಅವನು ಸಫೀರನನ್ನು ಶಂಕಿಸಿದ, ಡಾಂಬರು ರಸ್ತೆಯನ್ನು ಶಂಕಿಸಿದ, ನೆರೆಮನೆಯವರ ದೃಷ್ಟಿಯನ್ನೂ ಶಂಕಿಸಿ ಲಿಂಬೆ, ಮೆಣಸು ಕಟ್ಟಿದ. ರಬ್ಬರ್ ಹಾಲಿನ ಮೇಲೆ ಮಾತ್ರ ಸಂಶಯ ಬರಲಿಲ್ಲ. ಅದು ಗೆದ್ದ ಯುದ್ಧವಲ್ಲವೇ?

ಕೊನೆಗೆ ಪ್ರೇಮಾವತಿ ತೀರ್ಪು ಕೊಟ್ಟಳು. "ಭಾನುವಾರ ಸುಳ್ಯದಲ್ಲಿ ತಂಗಿಯ ಹೊಸ ಮನೆಯೊಕ್ಕಲು. ನಿಲ್ಲದೆ ಮುಟ್ಟಿದ್ರೆ ಸರಿ. ದಾರಿಯಲ್ಲಿ ನಿಂತ್ರೆ ಈ ವ್ಯಾನ್ ಇನ್ನು ಕೋಳಿಗೂಡು."

ಕೋಳಿಗಳಿಗೆ ಸುದ್ದಿ ಹೇಗೆ ತಿಳಿಯಿತೋ, ಸಂಜೆಯಿಂದಲೇ ವ್ಯಾನಿನ ಸುತ್ತ ಜಾಗ ನೋಡುತ್ತಾ ತಿರುಗತೊಡಗಿದವು.

ಭಾನುವಾರ ಪಂಜದವರೆಗೆ ಎಲ್ಲವೂ ಸುಸೂತ್ರ. ಪಂಜ ದಾಟಿದ ಮೇಲಿನ ಏರಿನಲ್ಲಿ ಶಾಖದ ಮುಳ್ಳು ನಿಧಾನಕ್ಕೆ ಕೆಂಪಿನ ಕಡೆ ಹೊರಟಿತು. ಅಚ್ಚುತ ಕಿಟಕಿಗಳನ್ನೆಲ್ಲ ಇಳಿಸಿದ, ಗೇರ್ ತಗ್ಗಿಸಿದ, "ಇನ್ನೊಂದೇ ತಿರುವು ಮಾರಾಯ," ಎಂದು ವ್ಯಾನಿಗೆ ಮುದ್ದು ಮಾಡಿ ಹೇಳಿದ. ಅದು ಬುಸ್ಸೆಂದು ನಿಂತಿತು.

ಸ್ವಲ್ಪ ಆರಲು ಬಿಟ್ಟು, ಒದ್ದೆ ಗೋಣಿ ಹೊದಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಸಾಕಷ್ಟು ಆರಿರಲಿಲ್ಲ. ಹಬೆಯೊಂದಿಗೆ ಹಾರಿದ ಬಿಳಿಯ ಎಳೆಯೊಂದು ದೂರದಲ್ಲಿ ನಿಂತಿದ್ದ ಪ್ರೇಮಾವತಿಯ ರೇಷ್ಮೆ ಸೀರೆಗೆ ಅಂಟಿತು.

"ಇದೆಂತದು?"

"ಕೂಲಂಟ್ ಹಳತಾದ್ರೆ ಹಾಗೇ ಬರುದು."

ಅವಳು ಎಳೆಯನ್ನು ಬೆರಳಲ್ಲಿ ಉಜ್ಜಿದಳು, ಎಳೆದಳು, ಬಿಟ್ಟಳು. ಅದು ಚಟ್ಟೆಂದು ಹಿಂದೆ ಹಾರಿತು. ಮೂಸಿದಳು.

"ದಿನಾ ರಬ್ಬರ್ ಶೀಟ್ ಮಾಡುವ ಕೈ ಇದು. ಎಷ್ಟು ಹೊಯ್ದಿದ್ದೀರಿ?"

"ಒಂದೇ ಚೆಂಬು."

ಅವಳು ಅಲ್ಲಿಂದಲೇ ಸಫೀರನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ರೇಡಿಯೇಟರಿಗೆ ರಬ್ಬರ್ ಹಾಲು ಹೊಯ್ದ್ರೆ ಎಂತ ಆಗ್ತದೆ ಸಫೀರ್?"

ಆ ಕಡೆ ಏನೋ ಠಣ್ಣೆಂದು ಬಿದ್ದ ಸದ್ದು. ಆಮೇಲೆ, "ಹಾಲು ಹೆಪ್ಪುಗಟ್ಟಿ ಒಳಗಿನ ಪೈಪೆಲ್ಲ ಕಟ್ಟಿರ್ತದೆ. ಅದಿನ್ನು ರೇಡಿಯೇಟರ್ ಅಲ್ಲ ಅಕ್ಕ, ರಬ್ಬರ್ ಹಾಸಿಗೆ. ನಾನು ಬರ್ತೇನೆ. ಅಚ್ಚುತಣ್ಣ ಎಂತದೂ ಮುಟ್ಟುದು ಬೇಡ."

ಅಚ್ಚುತ ನೆಲ ನೋಡಿದ. "ಹಾಗಾದ್ರೆ ಕೋಳಿಗೂಡಾ?"

"ವ್ಯಾನಿನದ್ದೆಂತ ತಪ್ಪುಂಟು, ಪಾಪ. ಹೊಸ ರೇಡಿಯೇಟರ್ ಹಾಕಿಸುವ," ಎಂದು ಪ್ರೇಮಾವತಿ ಸೀಟಿನ ಹಿಂದಿದ್ದ ಸ್ಪ್ಯಾನರ್ ಚೀಲವನ್ನು ಎಳೆದು ಹೆಗಲಿಗೇರಿಸಿದಳು. "ಶಿಕ್ಷೆ ನಿಮಗೆ."

ಅಷ್ಟರಲ್ಲಿ ಸುಳ್ಯದ ಬಸ್ಸು ಬಂತು. ಅವಳು ಕೈ ತೋರಿಸಿ ನಿಲ್ಲಿಸಿದಳು.

"ಒಂದು ಸ್ಕ್ರೂಡ್ರೈವರ್ ಆದ್ರೂ ಇಟ್ಟು ಹೋಗು," ಎಂದ ಅಚ್ಚುತ.

ರೇಷ್ಮೆ ಸೀರೆಯೂ ಸ್ಪ್ಯಾನರ್ ಚೀಲವೂ ಒಟ್ಟಿಗೇ ಬಸ್ಸು ಹತ್ತಿದವು.